ಗೋಡೆಯ ಬುಡದ ನೀರಿಗೆ ದಾರಿ ಮಾಡಿದ್ದು

ಪುಣೆಯ ಕಾತ್ರಜ್ ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಸೊಸೈಟಿಯ ಹಿತ್ತಲಿನಲ್ಲಿ ಮಳೆ ಬಿಟ್ಟ ಮೇಲೂ ದಿನಗಟ್ಟಲೆ ನೀರು ಒಸರುತ್ತಿತ್ತು. ಪಂಪು ಹಚ್ಚಿ ಖಾಲಿ ಮಾಡಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ತುಂಬುತ್ತಿತ್ತು. ಗುಂಡಿ ತೋಡಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಮೇಲೆ ಕಪ್ಪು ಮಣ್ಣು, ಅದರಡಿ ಪುಡಿಪುಡಿಯಾದ ಗರಸು, ಅದಕ್ಕೂ ಕೆಳಗೆ ಗಟ್ಟಿಯಾದ ಬಸಾಲ್ಟ್ ಬಂಡೆ. ಬಂಡೆಯೊಳಗೆ ಇಳಿಯಲಾರದ ನೀರು ಗರಸಿನ ಪದರದಲ್ಲೇ ಇಳಿಜಾರಿನತ್ತ ಸರಿದು ಬಂದು, ಕೆಳಬದಿಯ ಕಾಂಪೌಂಡ್ ಗೋಡೆಯ ಪಾಯಕ್ಕೆ ತಡೆದು ಮೇಲೇಳುತ್ತಿತ್ತು. ಆ ಗೋಡೆ ನಿಂತಿರುವುದು ಆಂಬಿಲ್ ಓಢಾ ಎಂಬ ಹಳ್ಳಕ್ಕೆ ಸೇರುತ್ತಿದ್ದ ಕಿರುತೊರೆಯ ಜಾಡಿನ ಮೇಲೆ. 2019ರ ಸೆಪ್ಟೆಂಬರ್ 25ರ ರಾತ್ರಿ ಉಕ್ಕಿ ಜೀವಹಾನಿ ಮಾಡಿದ ಹಳ್ಳ ಅದೇ ಆಗಿರುವುದರಿಂದ, ಇಂಥ ಜಾಡುಗಳನ್ನು ಮುಚ್ಚುವುದು ನನ್ನ ಪ್ರಕಾರ ಅಕ್ಷಮ್ಯ.

ಕಟ್ಟಡದ ಮೇಲ್ಬದಿಯಲ್ಲಿ ಬಂಡೆ ಮುಟ್ಟುವವರೆಗೆ ಕಾಲುವೆ ತೋಡಿಸಿ, ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು, ತೂತುಗಳು ಕೆಳಮುಖವಾಗಿರುವಂತೆ ಪೈಪು ಮಲಗಿಸಿ, ಸುತ್ತ ಜಲ್ಲಿ ತುಂಬಿ, ಮಣ್ಣು ನುಗ್ಗದಂತೆ ಜಲ್ಲಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿದೆವು. ಗೋಡೆಯ ಬುಡದಲ್ಲಿ ನೀರು ಸೋರಿಹೋಗಲು ತೂತುಗಳನ್ನು ಬಿಡಿಸಿದೆವು. ಪೈಪಿನ ಬಾಯನ್ನು ಕೊಳಚೆ ಚರಂಡಿಗಲ್ಲ, ಮಳೆನೀರಿನ ಚರಂಡಿಗೆ, ನಡುವೆ ಹೂಳು ಇಳಿಯುವ ಚೇಂಬರ್ ಕಟ್ಟಿಸಿ, ಜೋಡಿಸಿದ್ದೇವೆ. ಈ ಮಳೆಗಾಲದಲ್ಲಿ ಹಿತ್ತಲು ಒಣಗಿಯೇ ಇದೆ. ಚೇಂಬರ್‌ನ ಹೂಳನ್ನು ಮಾತ್ರ ಪ್ರತಿ ವರ್ಷ ಜೂನ್‌ಗೆ ಮೊದಲೇ ತೆಗೆಸಬೇಕು.