ಬೆರ್ಲೆವೋಗ್‌ಗೆ ಹೋಗದ ರಾತ್ರಿ

ಊರಿಗೆ ಬಂದಾಗ ಯಾರಾದರೂ ಕೆಲಸ ಏನೆಂದು ಕೇಳಿದರೆ ‘ಲಾಂಚ್ ನಡೆಸುತ್ತೇನೆ’ ಎಂದುಬಿಡುತ್ತೇನೆ. ಸಿಗಂದೂರಿಗೆ ಹೋಗಿಬಂದವರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗುವುದಿಲ್ಲ. 2025ರಲ್ಲಿ ಸೇತುವೆ ಆಗುವ ತನಕ ಶರಾವತಿ ಹಿನ್ನೀರಿನ ಮೇಲೆ ಬಸ್ಸು, ಜೀಪು, ಜನ, ಮೂಟೆ ಎಲ್ಲವನ್ನೂ ಆಚೆ ದಡಕ್ಕೆ ಮುಟ್ಟಿಸುತ್ತಿದ್ದ ಲಾಂಚನ್ನು ಅವರು ಕಂಡಿದ್ದಾರೆ. ನನ್ನದೂ ಅದೇ ಕೆಲಸ. ನನ್ನ ಲಾಂಚ್ ಸುಮಾರು 120 ಮೀಟರ್ ಉದ್ದವಿದೆ, ಆಚೆ ದಡಕ್ಕೆ ಹೋಗಿ ಬರಲು ಹನ್ನೊಂದು ದಿನ ಹಿಡಿಯುತ್ತದೆ, ದಾರಿಯಲ್ಲಿ 34 ನಿಲ್ದಾಣಗಳಿವೆ ಎನ್ನುವುದಷ್ಟೇ ವ್ಯತ್ಯಾಸ.

ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್‌ನಿಂದ ಹೊರಟು, ಆರ್ಕ್ಟಿಕ್ ವೃತ್ತ ದಾಟಿ, ಯುರೋಪಿನ ನೆತ್ತಿಯನ್ನು ಬಳಸಿಕೊಂಡು, ರಷ್ಯಾದ ಗಡಿಗೆ ತಾಗಿದಂತಿರುವ ಶಿರ್ಕೆನೆಸ್‌ಗೆ ಹೋಗುವ ದಾರಿ ಇದು. ಭೂಪಟದಲ್ಲಿ ನೋಡಿದರೆ ಶಿರ್ಕೆನೆಸ್ ಇಸ್ತಾಂಬುಲ್‌ಗಿಂತಲೂ ಪೂರ್ವಕ್ಕಿದೆ. 1893ರ ಜುಲೈಯಲ್ಲಿ ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ ‘ವೆಸ್ಟರೋಲೆನ್’ ಎಂಬ ಉಗಿಹಡಗನ್ನು ಟ್ರೋಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ಗೆ ನಡೆಸಿ ಈ ಸೇವೆಯನ್ನು ಆರಂಭಿಸಿದ. ಅಂದು ಟ್ರೋಂಡ್‌ಹೈಮ್‌ನ ಉತ್ತರಕ್ಕೆ ಇದ್ದದ್ದು ಇಪ್ಪತ್ತೆಂಟೇ ದೀಪಸ್ತಂಭಗಳು. ಚಳಿಗಾಲದ ರಾತ್ರಿಯಲ್ಲಿ ಈ ನೀರಿನಲ್ಲಿ ವೇಳಾಪಟ್ಟಿ ಹಿಡಿದು ಹಡಗು ನಡೆಸುವುದು ಹುಚ್ಚು ಎಂದೇ ಹೆಚ್ಚಿನವರು ಭಾವಿಸಿದ್ದರು. ವಿತ್ ಮತ್ತು ಅವನ ಪೈಲಟ್, ಅಂದರೆ ಹಡಗಿಗೆ ದಾರಿ ತೋರಿಸುವ ನಾವಿಕ, ಅದಕ್ಕೂ ಮೊದಲೇ ವರ್ಷಗಟ್ಟಲೆ ದಿಕ್ಸೂಚಿಯ ಕೋನ, ವೇಗ, ಗಡಿಯಾರದ ನಿಮಿಷ ಇವನ್ನು ಬರೆದಿಟ್ಟುಕೊಂಡಿದ್ದರು. ಇಂತಿಷ್ಟು ವೇಗದಲ್ಲಿ ಇಂತಿಷ್ಟು ನಿಮಿಷ ಹೋಗು, ಆಮೇಲೆ ತಿರುಗು. ಜಿಪಿಎಸ್ ಕೈಕೊಟ್ಟ ದಿನ ಇವತ್ತಿಗೂ ನಾವು ಮಾಡಬೇಕಾದದ್ದು ಅದನ್ನೇ.

ನಾನು ಗಂಗೊಳ್ಳಿಯವನು. ಅಪ್ಪ ಮೀನುಗಾರ. ಐದು ನದಿಗಳು ಸೇರುವ ಅಳಿವೆಯ ಬಾಯಿಯಲ್ಲಿ ಮರಳು ದಿಬ್ಬ ಯಾವ ವರ್ಷ ಎಲ್ಲಿ ಕೂರುತ್ತದೆಂದು ಅವರಿಗೆ ಗೊತ್ತಿರುತ್ತಿತ್ತು. ನಾನು ವ್ಯಾಪಾರಿ ಹಡಗುಗಳಲ್ಲಿ ಹದಿನಾಲ್ಕು ವರ್ಷ ತಿರುಗಿ, ಮದುವೆಯ ದೆಸೆಯಿಂದ ನಾರ್ವೆಯಲ್ಲಿ ನೆಲೆನಿಂತೆ. ಭಾಷೆ ಕಲಿಯಲು ಮೂರು ವರ್ಷ ಬೇಕಾಯಿತು. ಭಾಷೆಗಿಂತ ಕಷ್ಟವಾದದ್ದು ಸಂಬೋಧನೆ. ಇಲ್ಲಿ ಎಲ್ಲರೂ ಎಲ್ಲರಿಗೂ ‘ದು’, ಅಂದರೆ ‘ನೀನು’. ಕ್ಯಾಪ್ಟನ್‌ಗೂ ಹೆಸರು ಹಿಡಿದು ‘ನೀನು’ ಎನ್ನಬೇಕು. ಟ್ಯಾಂಕರ್‌ಗಳಲ್ಲಿ ಮಾತಿಗೊಂದು ‘ಸರ್’ ಹಾಕಿ ಬಂದ ನನಗೆ ಮೊದಲ ಆರು ತಿಂಗಳು ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು.

ಕೆಲಸ ಕಲಿಯುವುದೆಂದರೆ ದಾರಿಯನ್ನು ಬಾಯಿಪಾಠ ಮಾಡುವುದು. ಪೈಲಟ್ ಇಲ್ಲದೆ ಈ ದಾರಿಯಲ್ಲಿ ಹಡಗು ನಡೆಸಲು ಪರವಾನಗಿ ಬೇಕು, ಅದಕ್ಕೆ ಪರೀಕ್ಷೆ ಇದೆ. ನಾನು ಖಾಲಿ ಹಾಳೆಯ ಮೇಲೆ ಬಂಡೆಗಳನ್ನೂ ದೀಪಗಳನ್ನೂ ಬರೆದು ಬರೆದು ಕಲಿತೆ. ಇಲ್ಲಿನ ದೀಪಗಳು ಬಣ್ಣದಲ್ಲಿ ಮಾತಾಡುತ್ತವೆ. ಒಂದೇ ದೀಪ ಒಂದು ಕೋನದಿಂದ ಬಿಳಿ, ಇನ್ನೊಂದರಿಂದ ಕೆಂಪು, ಮತ್ತೊಂದರಿಂದ ಹಸಿರು. ಬಿಳಿ ಕಾಣುತ್ತಿರುವಷ್ಟು ಹೊತ್ತು ನೀವು ಸರಿದಾರಿಯಲ್ಲಿದ್ದೀರಿ. ಬಣ್ಣ ಬದಲಾದರೆ ಯಾವ ಕಡೆಗೆ ಜಾರಿದಿರಿ ಎಂದು ತಿಳಿಯುತ್ತದೆ. ಒಂದು ದೀಪದ ಬಿಳಿ ಮುಗಿಯುವ ಮುನ್ನ ಮುಂದಿನ ದೀಪದ ಬಿಳಿಯನ್ನು ಹಿಡಿಯಬೇಕು. ಬಂಡೆಗಳ ಮೇಲೆ ಕಬ್ಬಿಣದ ಕಂಬಗಳಿವೆ, ಅವುಗಳ ತುದಿಯಲ್ಲಿ ಒಂದು ಕೈ. ಆ ಕೈ ಯಾವ ಕಡೆ ಚಾಚಿದೆಯೋ ಆ ಕಡೆ ಹೋಗಬೇಕು. ನನಗೆ ಇವು ಊರಿನ ಕವಲುದಾರಿಯಲ್ಲಿ ‘ದೇವಸ್ಥಾನಕ್ಕೆ ದಾರಿ’ ಎಂದು ಬಾಣ ಬರೆದ ಹಲಗೆಗಳಂತೆ ಕಾಣುತ್ತವೆ. ರಾಡಾರ್ ಇದೆ, ವಿದ್ಯುನ್ಮಾನ ನಕ್ಷೆ ಇದೆ, ಎಲ್ಲ ಇದೆ. ಆದರೂ ರಿಸೋಯ್‌ಹಾಮ್ನ್ ಬಳಿಯ ಕಾಲುವೆಯನ್ನು, 1922ರಲ್ಲಿ ಹೂಳೆತ್ತಿ ತೆರೆದದ್ದು ಅದು, ದಾಟುವಾಗ ನಾನು ಪರದೆ ನೋಡುವುದಕ್ಕಿಂತ ಕಿಟಕಿಯಾಚೆ ನೋಡುವುದೇ ಹೆಚ್ಚು.

ಜನ ಭಾವಿಸುವಂತೆ ಮಂಜುಗಡ್ಡೆ ನಮ್ಮ ದೊಡ್ಡ ಶತ್ರುವಲ್ಲ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ಪ್ರವಾಹದಿಂದಾಗಿ ಈ ಬಂದರುಗಳು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಕತ್ತಲಿಗೂ ಒಗ್ಗಿಹೋಗುತ್ತದೆ. ಟ್ರೊಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ನಡುಹಗಲಲ್ಲಿ ಎರಡು ತಾಸು ನೀಲಿ ಮಬ್ಬು, ಅಷ್ಟೇ. ಒಗ್ಗದೇ ಇರುವುದು ಗಾಳಿಗೆ. ಬಾರೆಂಟ್ಸ್ ಸಮುದ್ರದಲ್ಲಿ ಹಿಮದಂಚಿನಿಂದ ಬಂದ ತಣ್ಣನೆಯ ಗಾಳಿ ಬೆಚ್ಚನೆಯ ನೀರಿನ ಮೇಲೆ ಹಾದಾಗ ಸಣ್ಣ ಚಂಡಮಾರುತಗಳು ಹುಟ್ಟುತ್ತವೆ. ನಮ್ಮ ಅರಬ್ಬಿ ಸಮುದ್ರದ ತೂಫಾನಿನಂತೆ ಮೂರು ದಿನ ಮೊದಲೇ ಹೇಳಿ ಬರುವ ಜಾತಿ ಅದಲ್ಲ. ಅರ್ಧ ಗಂಟೆಯ ಹಿಂದೆ ನಕ್ಷತ್ರ ಕಾಣುತ್ತಿದ್ದ ಜಾಗದಲ್ಲಿ ಹಡಗಿನ ಮೂತಿಯೇ ಕಾಣದಷ್ಟು ಹಿಮ ಸುರಿಯುತ್ತಿರುತ್ತದೆ.

ಗಾಳಿಯ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ವೃತ್ತಿಯೆಲ್ಲ ಅದರಲ್ಲೇ ಅಡಗಿದೆ. ನೀರಿನ ಮೇಲೆ ಕಾಣುವ ಹಡಗಿನ ಒಂದು ಬದಿ ಎಂದರೆ ಸುಮಾರು ಎರಡು ಸಾವಿರ ಚದರ ಮೀಟರಿನ ಗೋಡೆ. ಸೆಕೆಂಡಿಗೆ 10 ಮೀಟರಿನ ಗಾಳಿ ಅಡ್ಡಲಾಗಿ ಬಡಿದರೆ ಹನ್ನೆರಡೂವರೆ ಟನ್ನಿನಷ್ಟು ಒತ್ತಡ ಬೀಳುತ್ತದೆ. ಗಾಳಿ 20 ಮೀಟರಿಗೆ ಏರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 50 ಟನ್. ಅದರಲ್ಲಿ ಅರ್ಧ ಮೂತಿಯ ಪಾಲು. ಮೂತಿಯನ್ನು ಪಕ್ಕಕ್ಕೆ ತಳ್ಳುವ ನಮ್ಮ ಎರಡು ಥ್ರಸ್ಟರ್‌ಗಳೂ ಸೇರಿ ಕೊಡುವುದು ಸುಮಾರು 30 ಟನ್. 25ಕ್ಕೂ 30ಕ್ಕೂ ನಡುವೆ ಉಳಿಯುವ ಐದು ಟನ್ನಿನಲ್ಲಿ ನಾನು ಕ್ಯಾಪ್ಟನ್. ಅದರಾಚೆ ಗಾಳಿಯೇ ಕ್ಯಾಪ್ಟನ್.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೇಟ್, ಅಂದರೆ ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ, ಆಗಿದ್ದ ಮೊದಲ ಚಳಿಗಾಲದಲ್ಲಿ ಒಂದು ಚಿಕ್ಕ ಬಂದರಿನಲ್ಲಿ ದಕ್ಕೆಗೆ ತಾಗಿಸಲು ಕ್ಯಾಪ್ಟನ್ ನನಗೆ ಬಿಟ್ಟರು. ಹೆದರಿಕೆಯಿಂದ ವೇಗ ಇಳಿಸಿದೆ. ನಿಧಾನವಾಗಿ ಹೋದರೆ ಸುರಕ್ಷಿತ ಎಂಬುದು ರಸ್ತೆಯ ಬುದ್ಧಿ. ಅಡ್ಡಗಾಳಿಯಲ್ಲಿ ಹಡಗು ಏಡಿಯಂತೆ ಓರೆಯಾಗಿ ನಡೆಯಬೇಕು, ಅದಕ್ಕೆ ವೇಗ ಬೇಕು. ವೇಗ ಇಳಿದಷ್ಟೂ ಓರೆ ಹೆಚ್ಚುತ್ತದೆ, ಚುಕ್ಕಾಣಿ ಸತ್ತುಹೋಗುತ್ತದೆ. ಮೂತಿ ಗಾಳಿಗೆ ಸಿಕ್ಕಿತು. ದಕ್ಕೆಯ ಮೂಲೆಯ ಟೈರುಗಳು ಕಿರ್ರೆಂದು ಚೀರಿದವು, ಕೆಳ ಡೆಕ್ಕಿನ ಕಂಬಿ ನಾಲ್ಕು ಮೀಟರ್ ಉದ್ದಕ್ಕೂ ಬಾಗಿತು. ಯಾರಿಗೂ ಏಟಾಗಲಿಲ್ಲ. ಕ್ಯಾಪ್ಟನ್ ಹಡಗನ್ನು ತಮ್ಮ ಕೈಗೆ ತೆಗೆದುಕೊಂಡು, ಕಟ್ಟಿ ಮುಗಿಸಿ, ಕಾಫಿ ಬಗ್ಗಿಸಿಕೊಂಡು ಒಂದೇ ಮಾತು ಹೇಳಿದರು: ‘ಹೆದರಿದ್ದರೆ ಹೊರಗೇ ಹೆದರಬೇಕಿತ್ತು.’

ಅಂದಿನಿಂದ ನನ್ನದೊಂದು ಅಭ್ಯಾಸ. ಮುಂದಿನ ಬಂದರಿನಲ್ಲಿ ಎಷ್ಟು ಗಾಳಿಯವರೆಗೆ ಒಳಗೆ ಹೋಗುತ್ತೇನೆ ಎಂಬುದನ್ನು ಹಿಂದಿನ ಬಂದರಿನಲ್ಲೇ, ಹಡಗು ಕಟ್ಟಿರುವಾಗಲೇ, ಕಿಟಕಿಯ ಗಾಜಿನ ಮೇಲೆ ಮೇಣದ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಒಂದು ಸಂಖ್ಯೆ, ಅಷ್ಟೇ. ಬಂದರಿನ ಬಾಯಿಗೆ ಬಂದು ನಿಂತಾಗ ದಕ್ಕೆಯ ದೀಪಗಳು ಕಾಣುತ್ತವೆ, ಫೋರ್ಕ್‌ಲಿಫ್ಟ್ ಕಾಯುತ್ತಿರುತ್ತದೆ, ಮನಸ್ಸು ಮೀನು ಮಾರುಕಟ್ಟೆಗೆ ಹೋದವರಂತೆ ಚೌಕಾಸಿಗೆ ಇಳಿಯುತ್ತದೆ: ಇಪ್ಪತ್ತೊಂದಷ್ಟೇ ಅಲ್ಲವೇ, ಬೀಸು ಕಡಿಮೆಯಾದಾಗ ನುಗ್ಗಿಬಿಡೋಣ. ಗಾಜಿನ ಮೇಲಿನ ಸಂಖ್ಯೆ ಚೌಕಾಸಿಗೆ ಒಪ್ಪುವುದಿಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ನೋಡಿ ನಗುತ್ತಾರೆ. ನಗಲಿ.

ಕ್ಯಾಪ್ಟನ್ ಆದ ಮೇಲಿನ ಮೊದಲ ಜನವರಿ. ಉತ್ತರಮುಖವಾಗಿ ಹೊರಟು ಮೆಹಾಮ್ನ್ ಬಂದರಿನಲ್ಲಿ ನಿಂತಿದ್ದೆವು. ಮುಂದಿನದು ಬೆರ್ಲೆವೋಗ್, ರಾತ್ರಿ ಹತ್ತರ ಸುಮಾರಿಗೆ. ನಡುವೆ ತೆರೆದ ಸಮುದ್ರ, ಸ್ಲೆಟ್‌ನೆಸ್ ದೀಪಸ್ತಂಭ, ಆಮೇಲೆ ತಾನಾ ಫ್ಯೋರ್ಡಿನ ಅಗಲವಾದ ಬಾಯಿ. ಗಾಜಿನ ಮೇಲೆ 18 ಎಂದು ಬರೆದೆ.

ಬೆರ್ಲೆವೋಗ್ ಎಂದರೆ ಬಯಲು ಕಡಲಿಗೆ ಎದೆಯೊಡ್ಡಿ ನಿಂತ ಮೀನುಗಾರರ ಊರು. ಅಲೆ ತಡೆಯುವ ಗೋಡೆ, ಬ್ರೇಕ್‌ವಾಟರ್, ಕಟ್ಟಿದಂತೆಲ್ಲ ಸಮುದ್ರ ಅದನ್ನು ಒಡೆದಿತ್ತು. ಕೊನೆಗೆ ನಿಂತದ್ದು ಟೆಟ್ರಾಪಾಡ್ ಹಾಕಿದ ಮೇಲೆ. ಮರವಂತೆಯಲ್ಲಿ ಹೆದ್ದಾರಿಯ ಬದಿ ರಾಶಿ ಹಾಕಿದ ಅದೇ ನಾಲ್ಕು ಕಾಲಿನ ಕಾಂಕ್ರೀಟು. ಮೊದಲ ಸಲ ಅದನ್ನು ಇಲ್ಲಿ ಕಂಡಾಗ ಊರವರೊಬ್ಬರು ಎದುರಾದಷ್ಟು ಖುಷಿಯಾಗಿತ್ತು. ಎರಡು ಬ್ರೇಕ್‌ವಾಟರ್‌ಗಳ ನಡುವಿನ ಬಾಯಿಯಲ್ಲಿ ನುಗ್ಗಿ, ಒಳಗೆ ಕೂಡಲೇ ವೇಗ ಕೊಲ್ಲಬೇಕು. ಒಳಗಿನ ಜಾಗ ನಮ್ಮ ಹಡಗಿಗೆ ಧಾರಾಳವೇನಲ್ಲ.

ಅರ್ಧ ಮೈಲಿ ದೂರದಲ್ಲಿ ಗಾಳಿಗೆ ಮೂತಿಯೊಡ್ಡಿ ನಿಂತು ದಕ್ಕೆಯ ಮೇಲಿನವನಿಗೆ ಫೋನ್ ಮಾಡಿದೆ. ಅವನು ಹಗ್ಗ ಹಿಡಿಯುವವನು, ಫೋರ್ಕ್‌ಲಿಫ್ಟ್ ಓಡಿಸುವವನು, ಟಿಕೆಟ್ ವಿಚಾರಿಸಿದರೆ ಅದಕ್ಕೂ ಉತ್ತರ ಕೊಡುವವನು. ‘ಇಲ್ಲಿ ಹತ್ತೊಂಬತ್ತು, ಬೀಸು ಇಪ್ಪತ್ತನಾಲ್ಕು. ಬಾಯಲ್ಲಿ ತೆರೆ ಒಡೆಯುತ್ತಿದೆ’ ಎಂದ. ನಮ್ಮ ಮೇಲೆ ಸಿಡಿದ ನೀರು ಮುಂಗಟ್ಟಿನ ಕಂಬಿಗಳ ಮೇಲೆ ಆಗಲೇ ಹೆಪ್ಪುಗಟ್ಟುತ್ತಿತ್ತು. ಹತ್ತು ನಿಮಿಷ ಕಾದೆ. ಗಂಗೊಳ್ಳಿಯಲ್ಲಿ ಅಪ್ಪ ಅಳಿವೆಯ ಹೊರಗೆ ದೋಣಿ ನಿಲ್ಲಿಸಿ ಅಲೆ ಎಣಿಸುತ್ತ ಒಂದು ತಾಸು ಬೇಕಾದರೂ ಕಾಯುತ್ತಿದ್ದರು. ನನಗೆ ಆ ಸೌಲಭ್ಯವಿರಲಿಲ್ಲ. ಮಧ್ಯರಾತ್ರಿಗೆ ಬೋಟ್ಸ್‌ಫ್ಯೋರ್ಡ್‌ನಲ್ಲಿ ಇರಬೇಕು, ಅಲ್ಲೂ ಜನ ಕಾಯುತ್ತಿದ್ದಾರೆ. ಮೇಟ್ ಗಾಜಿನ ಮೇಲಿನ 18ನ್ನು ನೋಡಿದ, ನನ್ನನ್ನು ನೋಡಿದ, ಏನೂ ಹೇಳಲಿಲ್ಲ. ‘ಇನ್‌ಸ್ಟಿಲ್ಟ್’ ಎಂದು ಫೋನಿನಲ್ಲಿ ಹೇಳಿದೆ. ರದ್ದು. ಉತ್ತರ ನಾರ್ವೆಯಲ್ಲಿ ಇದಕ್ಕಿಂತ ಹೆಚ್ಚು ಕೇಳುವ ಪದ ಬೇರೊಂದಿಲ್ಲ.

ಇಳಿಯಬೇಕಾದವರು ಮೂವರಿದ್ದರು. ಇಬ್ಬರು ಮೀನು ಕಾರ್ಖಾನೆಯ ಹುಡುಗರು, ಇನ್ನೊಬ್ಬರು ಹ್ಯಾಮರ್‌ಫೆಸ್ಟ್‌ನ ಆಸ್ಪತ್ರೆಯಿಂದ ಮನೆಗೆ ಮರಳುತ್ತಿದ್ದ ಅಜ್ಜಿ. ಧ್ವನಿವರ್ಧಕದಲ್ಲಿ ಹೇಳಿದರೆ ಸಾಕೆಂದು ನಿಯಮ. ಹಡಗು ತೆರೆದ ನೀರಿಗೆ ಬಂದ ಮೇಲೆ ಮೇಟ್‌ಗೆ ಒಪ್ಪಿಸಿ ನಾನೇ ಕೆಳಗಿಳಿದೆ. ಅಜ್ಜಿ ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿಯ ಸೋಫಾದಲ್ಲಿ ಕುಳಿತಿದ್ದರು. ಊರಿನ ದೀಪಗಳು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದವು.

‘ಅಗೋ, ಚರ್ಚಿನ ಎಡಕ್ಕೆ ಹಳದಿ ದೀಪ ಇದೆಯಲ್ಲ, ಅದು ನನ್ನ ಅಡುಗೆಮನೆ’ ಎಂದರು.

ಕ್ಷಮೆ ಕೇಳಿದೆ. ನಾಲಿಗೆ ‘ದು’ ಎಂದಿತು, ಮನಸ್ಸು ಮಾತ್ರ ‘ನೀವು’ ಎಂದೇ ಹೇಳುತ್ತಿತ್ತು. ಅವರು ಕೇಳಿದ್ದು ಒಂದೇ: ಬೋಟ್ಸ್‌ಫ್ಯೋರ್ಡ್‌ನಿಂದ ಗುಡ್ಡದ ರಸ್ತೆ ತೆರೆದಿದೆಯೇ? ತೆರೆದಿರಲಿಲ್ಲ. ಗಾಳಿ ನಮ್ಮನ್ನು ತಡೆದ ರಾತ್ರಿ ಆ ರಸ್ತೆಯ ಗೇಟೂ ಸಾಮಾನ್ಯವಾಗಿ ಮುಚ್ಚಿರುತ್ತದೆ. ಹುಡುಗರು ಬೋಟ್ಸ್‌ಫ್ಯೋರ್ಡ್‌ನಲ್ಲಿ ಇಳಿದು ಗೆಳೆಯರ ಮನೆಗೆ ಹೋದರು. ಅಜ್ಜಿಗೆ ಉಳಿದಿದ್ದ ದಾರಿ ಹಡಗಿನಲ್ಲೇ ಶಿರ್ಕೆನೆಸ್‌ಗೆ ಹೋಗಿ, ಮರುದಿನ ಅದೇ ಹಡಗಿನಲ್ಲಿ ಹಿಂದಿರುಗುವುದು. ಮನೆಯಿಂದ ಒಂದು ಮೈಲಿ ದೂರದಲ್ಲಿದ್ದವರು ಇನ್ನೊಂದು ಇಡೀ ದಿನ ಸಮುದ್ರದಲ್ಲಿ. ಅವರಿಗೊಂದು ಕ್ಯಾಬಿನ್ ಕೊಡಿಸಿದೆ.

ಮರುದಿನ ಮಧ್ಯಾಹ್ನ ವಾರ್ಡೋ ದಾಟುವಾಗ ಊಟದ ಕೋಣೆಯಲ್ಲಿ ಸಿಕ್ಕರು. ತಾವು ಹುಡುಗಿಯಾಗಿದ್ದಾಗ ಹಡಗು ಬೆರ್ಲೆವೋಗ್‌ನ ಹೊರಗೇ ನಿಲ್ಲುತ್ತಿತ್ತು, ಸಣ್ಣ ದೋಣಿ ಬಂದು ಜನರನ್ನೂ ಹಿಟ್ಟಿನ ಚೀಲಗಳನ್ನೂ ಇಳಿಸಿಕೊಳ್ಳುತ್ತಿತ್ತು ಎಂದರು. ಒಂದು ಸಲ ಅವರ ತಾಯಿಯ ಹೊಲಿಗೆ ಯಂತ್ರ ದೋಣಿಗೂ ಹಡಗಿಗೂ ನಡುವೆ ಬಿತ್ತಂತೆ. ‘ಇನ್ನೂ ಅಲ್ಲೇ ಇರಬೇಕು’ ಎಂದು ನಕ್ಕರು. ಆಲೂಗಡ್ಡೆ ಚೆನ್ನಾಗಿ ಬೆಂದಿಲ್ಲ ಎಂದು ದೂರಿದರು. ಹಿಂದಿನ ರಾತ್ರಿಯ ಬಗ್ಗೆ ಹೊಗಳಿಕೆಯೂ ಇಲ್ಲ, ಆಕ್ಷೇಪವೂ ಇಲ್ಲ.

ಒಳಗೆ ಹೋಗಬಹುದಿತ್ತೇ? ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬಹುಶಃ ಹೋಗಬಹುದಿತ್ತು. ನನಗಿಂತ ಅನುಭವಿಗಳು ಅದಕ್ಕಿಂತ ಕೆಟ್ಟ ಗಾಳಿಯಲ್ಲಿ ಹೋಗಿದ್ದಾರೆ. ಆದರೆ ನನ್ನ ಹಡಗಿನಲ್ಲಿ ಅಂದು ಮುನ್ನೂರಕ್ಕೂ ಹೆಚ್ಚು ಜನರಿದ್ದರು, ಐದು ಟನ್ನೂ ಕೈಯಲ್ಲಿ ಉಳಿದಿರಲಿಲ್ಲ.

ಮರುದಿನ ರಾತ್ರಿ ಬೆರ್ಲೆವೋಗ್‌ಗೆ ಮರಳುವಾಗ ಗಾಜಿನ ಮೇಲೆ ಏನನ್ನೂ ಬರೆಯಬೇಕಾಗಲಿಲ್ಲ. ಗಾಳಿ ಸೆಕೆಂಡಿಗೆ ನಾಲ್ಕು ಮೀಟರಿಗೆ ಇಳಿದಿತ್ತು, ಬಾಯಿಯಲ್ಲಿ ನೀರು ಎಣ್ಣೆಯಂತೆ ನಿಂತಿತ್ತು. ಮೊದಲು ಸ್ಪ್ರಿಂಗ್ ಹಗ್ಗ ಹೋಯಿತು, ದಕ್ಕೆಯ ಮೇಲಿನವನು ಒಂದು ಕೈಯಲ್ಲಿ ಸಿಗರೇಟು ಹಿಡಿದೇ ಅದನ್ನು ಬೊಲ್ಲಾರ್ಡಿಗೆ, ಹಗ್ಗ ಕಟ್ಟುವ ಗೂಟಕ್ಕೆ, ಹಾಕಿದ. ಪಕ್ಕದ ಬಾಗಿಲು ತೆರೆದು ಹಿಂದಿನ ರಾತ್ರಿಯ ಹಾಲು, ತರಕಾರಿ ಎಲ್ಲ ಇಳಿದವು. ಅಜ್ಜಿ ಇಳಿಜಾರು ಹಲಗೆಯ ಮೇಲೆ ಕಂಬಿ ಹಿಡಿದು ನಿಧಾನವಾಗಿ ಇಳಿದರು. ಅವನು ಫೋರ್ಕ್‌ಲಿಫ್ಟ್ ನಿಲ್ಲಿಸಿ ಅವರ ಕೈಚೀಲವನ್ನು ಪ್ಯಾಲೆಟ್ಟಿನ ಮೇಲೆ, ಹಾಲಿನ ಪೆಟ್ಟಿಗೆಗಳ ನಡುವೆ ಇಟ್ಟುಕೊಂಡ. ಇಬ್ಬರೂ ಮಾತಾಡುತ್ತ ಶೆಡ್ಡಿನ ಮರೆಗೆ ಹೋದರು.

ಲಾಗ್ ಪುಸ್ತಕದಲ್ಲಿ ಬರೆದೆ: 22:04 ಕಟ್ಟಿದೆವು. ಇಳಿದವರು 1, ಹತ್ತಿದವರು ಇಲ್ಲ. 22:19 ಬಿಚ್ಚಿದೆವು.