ಹಂಗೇರಿಯನ್‌ದಾಗ ಇಕರುಸ್ ಅನ್ನೋ ಹೆಸರಿಗೆ ಪ್ರತ್ಯಯ ಹಚ್ಚೋದು ಹೆಂಗ

ಕೊಪ್ಪಳ, ಗಂಗಾವತಿ ಕಡಿಂದ ಸ್ಕಾಲರ್‌ಶಿಪ್ ಮ್ಯಾಲೆ ಹಂಗೇರಿಗೆ ಹೋಗಬೇಕಂತ ಭಾಷೆ ಕಲಿಯಾಕ ಕುಂತೋರು ಮೊದ್ಲು ಅಂಜೋದು ವಿಭಕ್ತಿ ಲಿಸ್ಟ್ ನೋಡಿ, ಸಾಮಾನ್ಯವಾಗಿ 18 ಅಂತ ಲೆಕ್ಕ ಹಾಕ್ತಾರ. ಅಂಜಬ್ಯಾಡ್ರಿ, ಕೊಪ್ಪಳಕ್ಕ, ಕೊಪ್ಪಳದಾಗ, ಕೊಪ್ಪಳದಿಂದ ಅಂತ ನಾವೂ ಹೆಸರಿನ ಬಾಲಕ್ಕ ಹಚ್ಕೊಂತನ ಬೆಳೆದೋರು.

ಇಕರುಸ್ ಹಿಡಕೊಂಡು ಶುರು ಮಾಡ್ರಿ. ಗ್ರೀಕ್ ಪುರಾಣದಾಗ ಮೇಣದ ರೆಕ್ಕಿ ಕಟ್ಕೊಂಡು ಸೂರ್ಯನ ಹತ್ರ ಹೋಗಿ ಸಮುದ್ರಕ್ಕ ಬಿದ್ದ ಹುಡುಗ ಇದಾನಲ್ಲ, ಅವನ ಹೆಸರು ಹಂಗೇರಿಯ ಬಸ್ ಕಂಪನಿಗೆ ಐತಿ (ಬಿದ್ದೋನ ಹೆಸರು ಬಸ್ಸಿಗೆ ಯಾಕ ಬೇಕಿತ್ತೋ). ಪುರಾಣದ ಹುಡುಗನಿಗೆ ಅವರು ಗ್ರೀಕ್ ಧಾಟಿಲೆ ಇಕರೊಸ್ ಅಂತಾರ, ಬಸ್ಸಿಗೆ ಲ್ಯಾಟಿನ್ ಧಾಟಿಲೆ ಇಕರುಸ್. ಪ್ರತ್ಯಯ ಎರಡಕ್ಕೂ ಒಂದ ನಮೂನಿ.

ಮೊದ್ಲು ಸ್ವರ ನೋಡ್ರಿ. ಅ, ಒ, ಉ ಇದ್ರ ನಕ್ (ನಮ್ಮ "ಗೆ"), ಬನ್ (ನಮ್ಮ "ದಾಗ"). ಬರೇ ಎ, ಏ ಇದ್ರ ನೆಕ್, ಬೆನ್. ಹಂಗಾಗಿ ಇಕರುಸ್‌ನಕ್ ಅಂದ್ರ ಇಕರುಸ್‌ಗೆ, ಇಕರುಸ್ತ್ ಅಂದ್ರ ಇಕರುಸ್‌ನ್ನ. ಧಾನ್ಯದ ದೇವತೆ ದೇಮೇತೇರ್ ಬಂದ್ರ ದೇಮೇತೇರ್‌ನೆಕ್ ಆಗ್ತದ. ಅವರ ಅ ನಮ್ಮ ಅ ಅಲ್ಲ, ತುಟಿ ಸ್ವಲ್ಪ ದುಂಡಗ ಮಾಡಿ ಒ ಕಡೆ ವಾಲಿಸ್ರಿ.

ಎಲ್ಲಾರೂ ಎಡವೋದು ವಲ್-ವೆಲ್ ಹತ್ರ, ಅಂದ್ರ ನಮ್ಮ "ಜೋಡಿ" ಅನ್ನೋದು. ಹೆಸರು ವ್ಯಂಜನಕ್ಕ ಮುಗಿದ್ರ ವ ಮಾಯ ಆಗಿ ಆ ವ್ಯಂಜನನ ಎರಡಾಗ್ತದ, ಇಕರುಸ್ಸಲ್, ದೇಮೇತೇರ್ರೆಲ್. ಇದು ಬಸ್ಸಿನ್ಯಾಗ ಹೋಗಾಕೂ ಬರ್ತದ, ಬುಸ್ಸಲ್ ಅಂದ್ರ ಬಸ್ಸಿಗೆ ಹೋಗೋದು, ನಾವು ಬಸ್ಸಿಗೆ ಅನ್ನುವಾಗ ಸ ಒತ್ತೋ ಹಂಗ ಒತ್ರಿ ಸಾಕು. ಆದ್ರ ಬಸ್ಸಿನ್ಯಾಗ ಕುಂತೀನಿ ಅನ್ನಾಕ ಬನ್ ಹಚ್ಚಬ್ಯಾಡ್ರಿ, ಅವರು ಬಸ್ಸಿನ ಮ್ಯಾಲೆ ಅಂತಾರ, ಇಕರುಸೊನ್.

ಅ ಮೇಲೆ ಮುಗಿಯೋ ಹೆಸರಿಗೆ ಅ ಉದ್ದ ಆಗ್ತದ. ಗ್ರೀಕ್ ದೇವತೆ ಹೇರ ಇದ್ದದ್ದು ಹೇರಾತ್, ಹೇರಾನಕ್, ಹೇರಾವಲ್, ಸ್ವರ ಇರೋದಕ್ಕ ಇಲ್ಲಿ ವ ಉಳಿತದ.

ಇನ್ನ ಗ್ರೀಕ್ ದೇವರ ರಾಜ ಝೆವುಸ್. ಎ ಐತಿ, ಉ ಐತಿ, ಯಾವುದು ಹಿಡೀಬೇಕು? ಕಡೀಗೆ ಬಂದಿದ್ದು ಉ, ಅದನ್ನ ಹಿಡೀರಿ: ಝೆವುಸ್‌ನಕ್, ಝೆವುಸ್ಸಲ್, ಝೆವುಸ್‌ತೋಲ್ ಅಂದ್ರ ಝೆವುಸ್‌ನಿಂದ.