ಎತ್ತಿ ಕೂರಿಸುವವರು ಯಾರು?

ಆ ಕೋಣೆಯ ಚಾವಿ ನನ್ನ ಹತ್ತಿರ ಇರುತ್ತದೆ. ಶಿರಸಿ ಪೇಟೆಯಲ್ಲಿ, ನಮ್ಮ ಸೇವಾ ಕ್ಲಬ್ಬಿನ ಸದಸ್ಯೆಯೊಬ್ಬರ ಮನೆಯ ಹಿಂಬದಿಗೆ, ಮೊದಲು ಅಡಿಕೆ ಚೀಲ ಇಡುತ್ತಿದ್ದ ಕೋಣೆ. ಈಗ ಅಲ್ಲಿ ವೀಲ್‌ಚೇರ್, ವಾಕರ್, ಕಮೋಡ್ ಚೇರ್, ಏರ್ ಬೆಡ್, ತಲೆದಿಸೆ ಎತ್ತರಿಸಬಹುದಾದ ಆಸ್ಪತ್ರೆ ಮಂಚ, 2 ಆಕ್ಸಿಜನ್ ಕಾನ್ಸಂಟ್ರೇಟರ್ ಇವೆ. ಇವೆ ಎಂದೆ, ಆದರೆ ಎಲ್ಲವೂ ಒಟ್ಟಿಗೆ ಕೋಣೆಯಲ್ಲಿದ್ದ ದಿನ ನನಗೆ ನೆನಪಿಲ್ಲ. ಯಾರದೋ ಮನೆಯ ನಡುಮನೆಯಲ್ಲಿ, ಯಾರದೋ ಜಗುಲಿಯಲ್ಲಿ ಇರುತ್ತವೆ. ಬೇಕಾದವರು ಒಯ್ದು, ಬೇಕಾದಷ್ಟು ದಿನ ಇಟ್ಟುಕೊಂಡು, ತಿರುಗಿ ತಂದು ಕೊಡುತ್ತಾರೆ. ಬಾಡಿಗೆ ಇಲ್ಲ. 500 ರೂಪಾಯಿ ಡಿಪಾಸಿಟ್ ಮಾತ್ರ, ಅದೂ ಕೊಡಲು ಆಗುವವರಿಗೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಎಂದರೆ ನಮಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು. ಕಾರವಾರದ ಕಡೆಯವರು ಗೋವಾಕ್ಕೆ ಓಡುತ್ತಾರೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದಮೇಲೂ, ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ಜನ ಎಷ್ಟು ಕೂಗಿದರು, ನೆನಪಿದೆ ಅಲ್ವಾ? ಆಪರೇಷನ್ ಅಷ್ಟು ದೂರದಲ್ಲಿ ಆಗುತ್ತದೆ. ಎಂಟು ಹತ್ತು ದಿನಕ್ಕೆ ಡಿಸ್ಚಾರ್ಜ್. ಆಂಬುಲೆನ್ಸಿನವರು ಅಂಗಳದಲ್ಲಿ ಇಳಿಸಿ ಹೋಗುತ್ತಾರೆ. ಅಲ್ಲಿಂದ ಮುಂದಿನ ಮೂರು ತಿಂಗಳು, ಆರು ತಿಂಗಳು, ಕೆಲವು ಸಲ ವರ್ಷಗಟ್ಟಲೆ, ಆ ಮನೆಯ ಹೆಂಗಸಿನ ಮೇಲೆ.

ನನಗೆ ಇದು ಗೊತ್ತಾದದ್ದು ನಮ್ಮ ಅತ್ತೆಯಿಂದ. ಸ್ಟ್ರೋಕ್ ಆಗಿ ಎರಡು ವರ್ಷ ಮಲಗಿದ್ದರು. ಅವರಿಗಾಗಿ ತಂದ ಮಂಚ, ವೀಲ್‌ಚೇರ್, ಕಮೋಡ್ ಚೇರ್ ಅವರು ಹೋದ ಮೇಲೆ ಮೆತ್ತಿನ (ಅಟ್ಟದ) ಮೇಲೆ ಹೋಗಿ ಕೂತವು. ಮಾರಲು ಮನಸ್ಸು ಬರಲಿಲ್ಲ. ಒಂದು ದಿನ ಪಕ್ಕದ ಕೇರಿಯವರು ಬಂದು ಕೇಳಿದರು. ಕೊಟ್ಟೆ. ನಾಲ್ಕು ತಿಂಗಳ ಮೇಲೆ ವಾಪಸ್ ಬರುವುದರೊಳಗೆ ಇನ್ನೊಬ್ಬರು ಕೇಳಿ ಇಟ್ಟಿದ್ದರು. ಎಷ್ಟು ಮನೆಗಳ ಮೆತ್ತಿನ ಮೇಲೆ ಹೀಗೆ ಧೂಳು ಹಿಡಿಯುತ್ತಿರಬಹುದು ಎಂದು ಆಗ ಅನ್ನಿಸಿತು.

ಆಗ ನಾನು ಕ್ಲಬ್ ಸೇರಿ ಒಂದು ವರ್ಷ ಆಗಿತ್ತು ಅಷ್ಟೇ. ಗಿಡ ನೆಡುವುದು, ಶಾಲೆಗೆ ನೋಟ್‌ಬುಕ್ ಕೊಡುವುದು, ಕಣ್ಣಿನ ತಪಾಸಣೆ ಶಿಬಿರ, ಎಲ್ಲದರಲ್ಲೂ ಹೋಗಿ ನಿಂತಿದ್ದೆ. ಒಳ್ಳೆಯ ಕೆಲಸಗಳೇ. ಆದರೆ ಒಂದು ತೊಡಕು ಕಾಣುತ್ತಿತ್ತು. ಇಂಥ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೊಸ ಅಧ್ಯಕ್ಷರ ಪದಗ್ರಹಣ, ಹೊಸ ಯೋಜನೆ. ಹಿಂದಿನವರು ನೆಟ್ಟ ಗಿಡಕ್ಕೆ ನೀರು ಹಾಕುವವರು ಯಾರು ಎಂಬುದು ಯಾವ ವರ್ಷದ ಪಟ್ಟಿಯಲ್ಲೂ ಇರುವುದಿಲ್ಲ. ಮಂಚ, ವೀಲ್‌ಚೇರ್ ಕೊಡುವ ಕೆಲಸ ಹಾಗೆ ನಡೆಯಲು ಸಾಧ್ಯವೇ ಇಲ್ಲ. ಜೂನ್‌ನಲ್ಲಿ ಕೊಟ್ಟ ಮಂಚ ಡಿಸೆಂಬರಿಗೆ ಬರುತ್ತದೆ.

ಮೀಟಿಂಗಿನಲ್ಲಿ ಹೇಳಿದಾಗ ಹಿರಿಯರೊಬ್ಬರು, "ತಂಗಿ, ಇದು ಆಸ್ಪತ್ರೆಯವರ ಕೆಲಸ, ನಮ್ಮದಲ್ಲ" ಎಂದರು. ನಾನು ಇನ್ನರ್ ವೀಲ್ ಕತೆ ಹೇಳಿದೆ. ಜಗತ್ತಿನ ದೊಡ್ಡ ಮಹಿಳಾ ಸೇವಾ ಸಂಸ್ಥೆಗಳಲ್ಲಿ ಒಂದು ಅದು. 1924ರ ಜನವರಿ 10ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೋಟರಿಯವರ ಹೆಂಡತಿಯರನ್ನು ಸೇರಿಸಿ ಅದನ್ನು ಶುರು ಮಾಡಿದ ಮಾರ್ಗರೆಟ್ ಗೋಲ್ಡಿಂಗ್ ನರ್ಸ್ ಆಗಿದ್ದವರು. ರೋಗಿಯ ಹಾಸಿಗೆ ಪಕ್ಕ ನಿಂತು ಗೊತ್ತಿದ್ದ ಹೆಂಗಸು ಅಂಥದ್ದನ್ನು ಕಟ್ಟಿದರು ಎಂದ ಮೇಲೆ ಇದು ನಮ್ಮ ಕೆಲಸ ಅಲ್ಲ ಎಂದು ಹೇಗೆ ಹೇಳುವುದು? ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮನೆಯಲ್ಲಿರುವ ವಾಕರ್ ತೆಗೆದುಕೊಂಡು ಹೋಗು" ಎಂದರು. ಮೊದಲ ದಾನ ಅವರದೇ.

ಅವತ್ತೇ ಒಂದು ಠರಾವು ಮಾಡಿಸಿಕೊಂಡೆವು. ಈ ಕೋಣೆ ಯಾವ ಅಧ್ಯಕ್ಷರ ಯೋಜನೆಯೂ ಅಲ್ಲ, ಕ್ಲಬ್ಬಿನದು. ಮೂವರು ನೋಡಿಕೊಳ್ಳುವುದು, ಮೂರು ವರ್ಷ ಬದಲಾಗದೆ. ಲೆಕ್ಕದ ಪುಸ್ತಕ ಬೇರೆ. ನಿಮ್ಮ ಊರಲ್ಲಿ ಯಾರಾದರೂ ಇಂಥದ್ದು ಶುರು ಮಾಡುವುದಾದರೆ ವೀಲ್‌ಚೇರ್ ಕೊಳ್ಳುವ ಮೊದಲು ಈ ಠರಾವು ಮಾಡಿಕೊಳ್ಳಿ.

ಮೊದಲ ವರ್ಷ ತಪ್ಪು ಮಾಡಿದ್ದೇ ಜಾಸ್ತಿ. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟು ಕಳಿಸುತ್ತಿದ್ದೆವು. ಒಂದು ಮನೆಗೆ ಗೂಡ್ಸ್ ರಿಕ್ಷಾದಲ್ಲಿ ವೀಲ್‌ಚೇರ್ ಹೋಯಿತು. ಎಂಟು ದಿನ ಬಿಟ್ಟು ನೋಡಲು ಹೋದರೆ ಜಗುಲಿಯ ಮೂಲೆಯಲ್ಲಿ ನಿಂತಿದೆ, ಮೇಲೆ ಒಗೆದ ಬಟ್ಟೆ. ಅದು ಒಳಗೆ ಹೋಗುತ್ತಲೇ ಇರಲಿಲ್ಲ. ನಮ್ಮ ಹಳೇ ಮನೆಗಳ ಹೊಸಿಲು ಎಷ್ಟು ಎತ್ತರ ನಿಮಗೆ ಗೊತ್ತು. ಬಾಗಿಲೂ ಸಪೂರ. ದೊಡ್ಡವರ ವೀಲ್‌ಚೇರ್ ಹೊರಗಿನ ಅಗಲ ಸುಮಾರು 25–26 ಇಂಚು ಬರುತ್ತದೆ. ಬಚ್ಚಲ ಬಾಗಿಲು ಎಷ್ಟೋ ಮನೆಯಲ್ಲಿ 24 ಇಂಚೂ ಇರುವುದಿಲ್ಲ. ಅಂದಿನಿಂದ ಫೋನ್ ಬಂದರೆ ಮೊದಲು ಹೇಳುವುದು ಇದನ್ನೇ: ಟೇಪು ಹಿಡಿದು ಬಾಗಿಲು ಅಳೆದು ಹೇಳಿ, ಹೊಸಿಲು ಎಷ್ಟು ಎತ್ತರ ಹೇಳಿ. ಮೆಟ್ಟಿಲಿಗೆ ಹಲಗೆ ಇಟ್ಟು ಇಳಿಜಾರು ಮಾಡುವುದಾದರೆ ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ ಬೇಕು. ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ. ಒಬ್ಬರು ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ಮಾಡಿದ್ದರು. ಮಳೆ ಬಿದ್ದಾಗ ಅದು ಜಾರುತ್ತದೆ. ಮೇಲೆ ಗೋಣಿಚೀಲ ಬಿಗಿಯಾಗಿ ಮೊಳೆ ಹೊಡೆಸಿದೆವು.

ವಾಕರ್ ಕೂಡ ಹಾಗೇ. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಎತ್ತರ ಇದ್ದರೆ ಭುಜ ನೋವು, ತಗ್ಗಿದ್ದರೆ ಬಗ್ಗಿ ನಡೆದು ಬೀಳುತ್ತಾರೆ. ಕಾಲಿನ ರಬ್ಬರ್ ಚಿರೆಕಲ್ಲಿನ ಅಂಗಳದಲ್ಲಿ ಬೇಗ ಸವೆಯುತ್ತದೆ. ಹಾಗಾಗಿ ಪ್ರತಿ ಸಲ ಹೊಸ ರಬ್ಬರ್ ಹಾಕಿಯೇ ಕೊಡುತ್ತೇವೆ.

ಇವೆಲ್ಲ ಸಾಮಾನಿನ ಪಾಠ. ನಿಜವಾದ ಪಾಠ ಕಲಿತದ್ದು ಹುಲೇಕಲ್ ಕಡೆಯ ಒಂದು ಹಳ್ಳಿಯಲ್ಲಿ.

ಅಲ್ಲಿಂದ ಒಬ್ಬ ಹುಡುಗ ಬಂದು ತನ್ನ ದೊಡ್ಡಪ್ಪನಿಗೆ ವೀಲ್‌ಚೇರ್ ಬೇಕು ಎಂದ. ಅಳತೆ ಸರಿ ಇತ್ತು, ಕೊಟ್ಟೆವು. ಮುಂದಿನ ವಾರ ಆ ದಾರಿಯಲ್ಲಿ ಹೋಗುವಾಗ ಮನೆ ಹೊಕ್ಕೆ. ಕುರ್ಚಿ ಹೊಸದರ ಹಾಗೆ ಗೋಡೆಗೆ ಒರಗಿತ್ತು. ದೊಡ್ಡಪ್ಪ ಮಂಚದ ಮೇಲೆ. ದೊಡ್ಡಮ್ಮನಿಗೆ ಎಪ್ಪತ್ತರ ಹತ್ತಿರ, ಸಣ್ಣ ಜೀವ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡಿದ್ದರು. ಯಾಕೆ ಕೂರಿಸಲಿಲ್ಲ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು: "ಯಂಗೆ ಎತ್ತಲೆ ಆಗ್ತಿಲ್ಲೆ ತಂಗಿ." ನನಗೆ ಎತ್ತಲು ಆಗುವುದಿಲ್ಲ ಎಂದು.

ನಾವು ರೋಗಿಯ ವಯಸ್ಸು ಕೇಳಿದ್ದೆವು, ಕಾಯಿಲೆ ಕೇಳಿದ್ದೆವು, ಬಾಗಿಲು ಅಳೆಸಿದ್ದೆವು. ಎತ್ತಿ ಕೂರಿಸುವವರು ಯಾರು ಎಂದು ಕೇಳಿರಲೇ ಇಲ್ಲ. ಎರಡು ವರ್ಷ ಅತ್ತೆಯನ್ನು ಎತ್ತಿದ ನಾನೇ ಕೇಳಿರಲಿಲ್ಲ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನಮ್ಮ ರಿಜಿಸ್ಟರಿನಲ್ಲಿ ರೋಗಿಯ ಹೆಸರಿನ ಪಕ್ಕದಲ್ಲೇ ಇನ್ನೊಂದು ಕಾಲಂ ಇದೆ. ನೋಡಿಕೊಳ್ಳುವವರು ಯಾರು, ಅವರ ವಯಸ್ಸು, ಸೊಂಟ ಮಂಡಿ ನೋವು ಇದೆಯೇ, ರಾತ್ರಿ ಎಷ್ಟು ಸಲ ಏಳುತ್ತಾರೆ, ಕೈ ಕೊಡಲು ಇನ್ನೊಬ್ಬರು ಇದ್ದಾರೆಯೇ. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಆ ಹೆಸರು ಹೆಂಗಸಿನದೇ. ಅತ್ತೆ, ಸೊಸೆ, ಹೆಂಡತಿ, ಮದುವೆಯಾಗದೆ ಉಳಿದ ಮಗಳು. ಮಕ್ಕಳು ಬೆಂಗಳೂರಿನಲ್ಲಿ.

ಸಾಮಾನು ಒಯ್ದು ಕೊಡುವಾಗ ನಾವು ಇಬ್ಬರು ಹೋಗುತ್ತೇವೆ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಿಯಾದ ನರ್ಸ್ ಅಕ್ಕ ಒಬ್ಬರಿದ್ದಾರೆ, ನಮಗೆಲ್ಲ ಕಲಿಸಿದವರು ಅವರೇ. ಮೊದಲು ಮಂಚ ಎತ್ತರಿಸುವುದು. ನಾಲ್ಕೂ ಕಾಲಿನ ಕೆಳಗೆ ಗುಳಿ ಮಾಡಿದ ಮರದ ದಿಮ್ಮಿ ಇಟ್ಟರೆ ನೋಡಿಕೊಳ್ಳುವವರ ಸೊಂಟ ಅರ್ಧ ಉಳಿದ ಹಾಗೆ. ಆಮೇಲೆ ಹಳೇ ಹತ್ತಿ ಸೀರೆ. ಅದನ್ನು ಮಡಚಿ ರೋಗಿಯ ಭುಜದಿಂದ ತೊಡೆಯವರೆಗೆ ಅಡಿಗೆ ಹಾಕಿಡುವುದು. ಮೇಲಕ್ಕೆ ಸರಿಸಬೇಕಾದಾಗ ಎರಡೂ ಬದಿಯ ಅಂಚು ಸುತ್ತಿ ಹಿಡಿದು ಇಬ್ಬರು ಸರಿಸುವುದು. ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಒಬ್ಬರೇ ಇದ್ದಾಗ ಮಗ್ಗುಲು ತಿರುಗಿಸಲು ರೋಗಿಯ ಆಚೆ ಬದಿಯ ಮೊಣಕಾಲು ಮಡಚಿ, ಆಚೆಯ ಭುಜ ಮತ್ತು ಸೊಂಟ ಹಿಡಿದು ತನ್ನ ಕಡೆಗೆ ಹೊರಳಿಸಬೇಕು. ನಾವು ಮಾಡಿ ತೋರಿಸಿ ಬರುವುದಲ್ಲ, ಅವರ ಕೈಯಲ್ಲೇ ಮಾಡಿಸಿ ಬರುತ್ತೇವೆ.

ಆ ದೊಡ್ಡಮ್ಮನಿಗೂ ಹಾಗೇ ಮಾಡಿದೆವು. ಪಕ್ಕದ ಮನೆಯ ಹುಡುಗ ಬೆಳಿಗ್ಗೆ ಹಾಲು ಹಾಕಿ ಬರುವಾಗ ಒಂದು ಸಲ, ಸಂಜೆ ಒಂದು ಸಲ ಕೈ ಕೊಡುವುದೆಂದು ಮಾತಾಯಿತು. ಹದಿನೈದು ದಿನದೊಳಗೆ ದೊಡ್ಡಪ್ಪ ಜಗುಲಿಯಲ್ಲಿ ಕೂತು ಪೇಪರ್ ಓದಿದರು.

ಏರ್ ಬೆಡ್ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ತಪ್ಪು ಮಾಡುವುದು ಅಲ್ಲೇ. ಅದರ ಗುಳ್ಳೆಗಳು ಸರದಿಯಲ್ಲಿ ಉಬ್ಬಿ ಇಳಿಯುತ್ತವೆ, ಒಂದೇ ಜಾಗಕ್ಕೆ ಒತ್ತಡ ಬೀಳದ ಹಾಗೆ. ಅದರ ಮೇಲೆ ದಪ್ಪ ಕಂಬಳಿ, ಹಾಸಿಗೆ, ರಬ್ಬರ್ ಶೀಟು ಎಲ್ಲ ಹಾಸಿದರೆ ಏರ್ ಬೆಡ್ ಇದ್ದೂ ಇಲ್ಲದ ಹಾಗೆ. ಕೆಳಗೆ ಮಾಮೂಲಿ ಹಾಸಿಗೆ, ಮೇಲೆ ತೆಳ್ಳಗಿನ ಒಂದೇ ಬೆಡ್‌ಶೀಟ್. ಏರ್ ಬೆಡ್ ಇದೆ ಎಂದು ಮಗ್ಗುಲು ತಿರುಗಿಸುವುದನ್ನು ಬಿಡಬಾರದು, ಎರಡು ತಾಸಿಗೊಮ್ಮೆ ತಿರುಗಿಸಲೇಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ಕಡೆ ಕೆಲವು ಸಲ ಎರಡು ದಿನ ಬರುವುದಿಲ್ಲ. ಪಂಪು ನಿಂತರೆ ಗಾಳಿ ಇಳಿಯುತ್ತದೆ. ಅಂಥ ರಾತ್ರಿ ಇನ್ನೂ ಬೇಗ ಬೇಗ ಮಗ್ಗುಲು ಬದಲಿಸಬೇಕು ಎಂದು ಮೊದಲೇ ಹೇಳಿ ಬರುತ್ತೇವೆ. ಮನೆಯಲ್ಲಿ ಬೆಕ್ಕು ಇದೆಯೇ ಎಂದೂ ಕೇಳುತ್ತೇವೆ. ಬೆಚ್ಚಗಿನ ಏರ್ ಬೆಡ್ ಎಂದರೆ ಬೆಕ್ಕಿಗೆ ಇಷ್ಟ, ಒಂದು ಉಗುರು ತಾಗಿದರೆ ಪಂಕ್ಚರ್.

ಆಕ್ಸಿಜನ್ ಯಂತ್ರ 2021ರ ಕೊರೋನಾ ಎರಡನೇ ಅಲೆಯಲ್ಲಿ ದಾನವಾಗಿ ಬಂದದ್ದು. ಡಾಕ್ಟರ ಚೀಟಿ ಇಲ್ಲದೆ ಅದನ್ನು ಕೊಡುವುದೇ ಇಲ್ಲ. ಯಾರು ಎಷ್ಟೇ ಗುರುತಿನವರಾಗಲಿ.

ವಾಪಸ್ ಬಂದದ್ದನ್ನು ತೊಳೆಯುವುದು ನಮ್ಮ ದೊಡ್ಡ ಕೆಲಸ. ಸೋಪು ನೀರು, ಆಮೇಲೆ ಔಷಧ ಹಾಕಿ ಒರೆಸುವುದು, ಆಮೇಲೆ ಒಣಗಿಸುವುದು. ಬ್ಲೀಚಿಂಗ್ ನೀರನ್ನು ಕಬ್ಬಿಣದ ಮೇಲೆ ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಮತ್ತೆ ಒಳ್ಳೆ ನೀರಿನಲ್ಲಿ ಒರೆಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಶಿರಸಿಯಲ್ಲಿ ಬಿಸಿಲು ಎಲ್ಲಿಂದ ತರುವುದು? ಮೊದಲ ಮಳೆಗಾಲದಲ್ಲಿ ಎರಡು ಕುರ್ಚಿಯ ಸೀಟು ಪೂರ್ತಿ ಬೂಸ್ಟು ಹಿಡಿದು ಹೋದವು. ಈಗ ಸದಸ್ಯೆಯೊಬ್ಬರ ತೋಟದಲ್ಲಿ ಅಡಿಕೆ ಒಣಗಿಸಲು ಮಾಡಿದ ಪ್ಲಾಸ್ಟಿಕ್ ಹೊದಿಕೆಯ ಮನೆ ಇದೆ. ಮಳೆಗಾಲದಲ್ಲಿ ಅದು ಖಾಲಿ. ಅಲ್ಲಿ ಸಾಲಾಗಿ ಇಟ್ಟು ಒಣಗಿಸುತ್ತೇವೆ.

ಹಣಕ್ಕೆ ಜಾತ್ರೆಯೇ ಆಧಾರ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಜಾತ್ರೆಯಲ್ಲಿ ಅಂಗಡಿ ಹಾಕಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಎಂಬ ಸಿಹಿ ತಿಂಡಿ ಮಾರಿದೆವು. ಮಗುಚಿಟ್ಟ ಮಡಕೆಯ ಮೇಲೆ ತೊಡದೇವು ಬಳಿಯುವುದನ್ನು ನೋಡಲು ಜನ ನಿಂತರು, ನಿಂತವರು ಕೊಂಡರು. ಆ ದುಡ್ಡಿನಲ್ಲಿ ಎರಡು ಏರ್ ಬೆಡ್ ಬಂತು.

ಒಂದು ವಿಷಯಕ್ಕೆ ನಾನು ಕ್ಲಬ್ಬಿನಲ್ಲಿ ಜಗಳ ಆಡಿದ್ದೇನೆ, ಮತ್ತೆ ಬೇಕಾದರೂ ಆಡುತ್ತೇನೆ. ಫೋಟೋ. ಬ್ಯಾನರ್ ಹಿಡಿದು, ರೋಗಿಯ ಪಕ್ಕ ನಿಂತು, ಕುರ್ಚಿ ಕೊಡುವ ಫೋಟೋ. ವರದಿಗೆ ಬೇಕು, ದಾನ ಕೊಟ್ಟವರಿಗೆ ತೋರಿಸಬೇಕು, ಅದು ನನಗೂ ಗೊತ್ತು. ಆದರೆ ತಲೆ ಬಾಚದ, ಹರಕು ನೈಟಿ ಹಾಕಿದ ಹೆಂಗಸು ಆ ಹೊತ್ತಿನಲ್ಲಿ ಬೇಡ ಎನ್ನಲಾರಳು. ನಮ್ಮ ಅತ್ತೆಯ ಅಂಥ ಫೋಟೋ ಯಾರಾದರೂ ತೆಗೆದಿದ್ದರೆ ನಾನು ಸಹಿಸುತ್ತಿರಲಿಲ್ಲ. ಒಂದು ತಿಂಗಳು ಗೆಳತಿಯೊಬ್ಬಳು ನನ್ನ ಹತ್ತಿರ ಮಾತು ಬಿಟ್ಟಳು. ಕೊನೆಗೆ ಕೋಣೆಯ ಫೋಟೋ, ಸಾಮಾನಿನ ಫೋಟೋ, ರಿಜಿಸ್ಟರಿನ ಲೆಕ್ಕ ಸಾಕು ಎಂದಾಯಿತು. ದಾನ ಕೊಡುವವರು ಕಡಿಮೆ ಆಗಲಿಲ್ಲ.

ವಾಪಸ್ ಕೇಳುವುದಕ್ಕೂ ಒಂದು ರೀತಿ ಇದೆ. ಕಾಯಿಲೆಯವರು ಹೋದರು ಎಂದು ತಿಳಿದರೆ ಹದಿಮೂರು ದಿನದ ಕಾರ್ಯ ಮುಗಿಯುವ ತನಕ ಫೋನ್ ಮಾಡುವುದಿಲ್ಲ. ಮುಸ್ಲಿಂ, ಕ್ರಿಶ್ಚಿಯನ್ ಮನೆಗಳಲ್ಲಿ ಅವರವರ ದಿನ ನೋಡಿಕೊಳ್ಳುತ್ತೇವೆ. ಆಮೇಲೂ ಸಾಮಾನಿನ ಮಾತು ಎತ್ತುವುದಿಲ್ಲ, ಸುಮ್ನೆ ಹೋಗಿ ಕೂತು ಬರುತ್ತೇವೆ. ಅವರಾಗಿಯೇ ಹೇಳುತ್ತಾರೆ. ಕೆಲವರು ಆ ಕುರ್ಚಿಯನ್ನು ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳುತ್ತಾರೆ. ಇರಲಿ.

ಕಳೆದ ವರ್ಷದಿಂದ ಇನ್ನೊಂದು ಶುರು ಮಾಡಿದ್ದೇವೆ. ವಾರಕ್ಕೊಂದು ಮಧ್ಯಾಹ್ನ ಎರಡು ತಾಸು ನಮ್ಮಲ್ಲಿ ಯಾರಾದರೂ ರೋಗಿಯ ಹತ್ತಿರ ಕೂರುವುದು. ಆ ಹೊತ್ತಿನಲ್ಲಿ ಮನೆಯವಳು ಬ್ಯಾಂಕಿಗೆ ಹೋಗಲಿ, ಸಂತೆಗೆ ಹೋಗಲಿ, ತವರಿಗೆ ಹೋಗಿ ಬರಲಿ. ಒಬ್ಬಳು ಎಲ್ಲೂ ಹೋಗಲಿಲ್ಲ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ತಾಸು ಮಲಗಿದಳು. ಇದನ್ನು ಹೆಚ್ಚು ಮನೆಗಳಿಗೆ ಮಾಡಲು ಜನ ಸಾಲುತ್ತಿಲ್ಲ. ಸದ್ಯ ಐದು ಮನೆ.

ಇವತ್ತು ಬೆಳಿಗ್ಗೆ ಸಿದ್ದಾಪುರ ರಸ್ತೆಯ ಕಡೆಯಿಂದ ಫೋನ್ ಬಂತು. ಅಮ್ಮನಿಗೆ ತೊಡೆ ಮೂಳೆ ಆಪರೇಷನ್ ಆಗಿದೆ, ನಾಡಿದ್ದು ಹುಬ್ಬಳ್ಳಿಯಿಂದ ಬರುತ್ತಾರೆ, ವೀಲ್‌ಚೇರ್ ಬೇಕು ಎಂದು ಸೊಸೆ ಕೇಳಿದಳು. ಅಳೆದು ಹೇಳು ಎಂದೆ. ಸ್ವಲ್ಪ ಹೊತ್ತಿಗೆ ಅವಳದೇ ಫೋನ್: ಬಚ್ಚಲ ಬಾಗಿಲು 23 ಇಂಚು, ಸಂಡಾಸು ಅಂಗಳದ ಆಚೆ. ಹಾಗಾದರೆ ಕಮೋಡ್ ಚೇರೂ ಒಯ್ಯಬೇಕು. "ನಿನ್ನ ಸೊಂಟ ಹೇಗಿದೆ ತಂಗಿ?" ಎಂದು ಕೇಳಿದೆ. ಅವಳು ಕೂಡಲೇ ಉತ್ತರ ಕೊಡಲಿಲ್ಲ. ಆಮೇಲೆ, "ಅಕ್ಕಾ, ನನಗೆ ಏಳು ತಿಂಗಳು" ಎಂದಳು.

ನರ್ಸ್ ಅಕ್ಕನಿಗೆ ಫೋನ್ ಮಾಡಿದ್ದೇನೆ. ನಾಳೆ ಇಬ್ಬರೂ ಹೋಗುತ್ತೇವೆ. ಮಂಚ ಎತ್ತರಿಸುವ ದಿಮ್ಮಿ ಗಾಡಿಗೆ ಹಾಕಿಯಾಯಿತು.